ಅಮ್ಮ, ಇವತ್ತು ವಾಲ್ಯೂಮ್ ಇಳಿಸಬೇಡ

ಅಮ್ಮಾ,

ನಾನು ಕೆಲಸಕ್ಕೆ ಹೊರಟೆ. ಸಂಜೆ ನಿಮ್ಮ ನರ್ಸುಗಳ ಬ್ಯಾಂಡಿನ ಮೊದಲ ಕಾರ್ಯಕ್ರಮಕ್ಕೆ ಸೀದಾ ಬಂದು ಮುಂದಿನ ಸಾಲಿನಲ್ಲೇ ಕೂರುತ್ತೇನೆ.

ಗಿಟಾರಿನ ಆಂಪ್ಲಿಫೈಯರನ್ನು ಅಪ್ಪ ಕಾರಿನಲ್ಲಿಟ್ಟಿದ್ದಾರೆ. ಒಳಗೆ ಗಾಜಿನ ವಾಲ್ವುಗಳಿವೆ, ಕುಲುಕಬೇಡಿ. ಹೋದ ಕೂಡಲೇ ಆನ್ ಮಾಡಿ ಅವು ಬಿಸಿಯಾಗಲು ಬಿಡು.

ದನಿಯನ್ನು ಒರಟಾಗಿಸುವ ಆ ಗೇನ್ ಗುಂಡಿ ಅರ್ಧಕ್ಕಿರಲಿ. ಅದನ್ನು ಹೆಚ್ಚಿಸಿದರೆ ನಮಗೇ ಲಾಸ್! ವಾಲ್ಯೂಮ್ ಮಾತ್ರ ಧೈರ್ಯವಾಗಿ ಏರಿಸು. ಪಕ್ಕದ ಮನೆ ಟೀಚರಮ್ಮನಿಗೆ ಹೆದರಿ ನೀನು ವಾಲ್ಯೂಮ್ ಇಳಿಸಿ, ಗೇನ್ ಪೂರ್ತಿ ತಿರುಗಿಸಿದಾಗಲೆಲ್ಲ ಡಬ್ಬಿಯಲ್ಲಿ ಜೇನ್ನೊಣ ಕೂಡಿಹಾಕಿದಂತೆ ಗುಂಯ್ ಅನ್ನುತ್ತಿತ್ತು. ನಿನ್ನೆ ನನ್ನ ಕಾಟ ತಾಳಲಾರದೆ ಏರಿಸಿದೆಯಲ್ಲ, ಆಗ ಬಂತು ನೋಡು, ತುಸು ಒರಟಾದ, ಎದೆ ತುಂಬಿದ ದನಿ! ನಮ್ಮಮ್ಮನದೇ ಕೈಯಾ ಅಂತ ಅಡುಗೆಮನೆಯಿಂದ ಇಣುಕಿ ನೋಡಿದೆ. ಅಷ್ಟರಲ್ಲಿ ನೀನು ಟೀಚರಮ್ಮನ ಮನೆ ಗೋಡೆ ಕಡೆ ನೋಡಿ ನಿಲ್ಲಿಸಿಬಿಟ್ಟೆ.

ಬೆಳಿಗ್ಗೆ ಕಸ ಹಾಕಲು ಹೋದಾಗ ಟೀಚರಮ್ಮ ಹಿಡಿದುಕೊಂಡರು. ಸೊಂಟಕ್ಕೆ ಕೈ, ಮೂಗಿನ ತುದಿಗೆ ಕನ್ನಡಕ. (ಮುಂದಿನದನ್ನು ಅವರ ದನಿ ಬರುವಂತೆ ಮೂಗು ಹಿಡಿದುಕೊಂಡೇ ಓದು.) "ಏನೋ ತರಲೆ, ನಿಮ್ಮಮ್ಮ ನಿನ್ನೆ ಅಷ್ಟ್ ಚೆನ್ನಾಗ್ ನುಡಿಸ್ತಾ ಇದ್ಲು, ಅರ್ಧಕ್ಕೇ ಯಾಕೋ ನಿಲ್ಸಿದ್ಲು?"

ಸಂಜೆ ನನ್ನ ಪಕ್ಕದ ಸೀಟು ಅವರಿಗೆ. ಇನ್ಯಾರಿಗೆ ಹೆದರಿ ಇಳಿಸುತ್ತೀಯ, ಹೇಳು?

ನಿನ್ನ ತರಲೆ