ಅಮ್ಮನ ನಂಬರಿನಿಂದ ಬಂದ ಮಾತು

ಡೊಂಬಿವಲಿ ಪೂರ್ವ,
ತಾ. 15-7-2024, ಸೋಮವಾರ

ಪ್ರೀತಿಯ ಮಗಳು ಅಶ್ಮಿತಾಳಿಗೆ,

ಎಪ್ಪತ್ತೆರಡನೇ ವಯಸ್ಸಿನಲ್ಲಿ ನನ್ನನ್ನು ಕಾಗದ ಬರೆಯಲು ಕೂರಿಸಿದವಳು ನೀನು. ಫೋನಿನಲ್ಲಿ ನನ್ನ ನಂಬರನ್ನು ಬ್ಲಾಕ್ ಮಾಡಿ ಕುಳಿತಿದ್ದೀ, ಇನ್ನೇನು ಮಾಡಲಿ? ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಈ ಊರಿಗೆ ಬಂದ ಮೇಲೆ ನಾನು ಬರೆದದ್ದೆಂದರೆ ಹೋಟೆಲಿನ ಕಪ್ಪು ಹಲಗೆಯ ಮೇಲೆ ಇವತ್ತಿನ ತಿಂಡಿಯ ಹೆಸರು, ಅಷ್ಟೇ. ಕಾಗದ ಬರೆಯುವುದು ನಿನ್ನ ಅಮ್ಮನ ಕೆಲಸ. ನಾನು ಪಕ್ಕದಲ್ಲಿ ನಿಂತು ಅದು ಬರೆ, ಇದು ಬರೆ ಎನ್ನುತ್ತಿದ್ದೆ. ಚಂಪಾ ಹೂಂ ಹೂಂ ಎನ್ನುತ್ತ ತನಗೆ ಬೇಕಾದ್ದನ್ನು ಬರೆದು ಅಂಟು ಹಚ್ಚುತ್ತಿದ್ದಳು ಎಂದು ಈಚೆಗೆ ಗೊತ್ತಾಯಿತು. ಅದನ್ನು ಮುಂದೆ ಹೇಳುತ್ತೇನೆ. ಇದು ನಾಲ್ಕನೇ ಹಾಳೆ. ಮೂರು ಹರಿದು ಎಸೆದಿದ್ದೇನೆ.

ನಿನ್ನ ಬೆನ್ನುನೋವು ಹೇಗುಂಟು? ಕಚೇರಿಯಲ್ಲಿ ಆ ತಗ್ಗಿದ ಕುರ್ಚಿಯನ್ನು ಬದಲಿಸಿ ಕೊಟ್ಟರಾ, ಇಲ್ಲ ಇನ್ನೂ ದಿಂಬು ಇಟ್ಟುಕೊಂಡೇ ಕೂರುತ್ತೀಯಾ? ಕಳಂಬೋಲಿಯ ಲಾರಿ ಧೂಳಿಗೆ ಅಳಿಯ ರಿತೇಶನ ಕೆಮ್ಮು ಹೆಚ್ಚಾಗಿರಬಹುದು, ಮಳೆ ಬಂದ ಮೇಲೆ ಕಡಿಮೆಯಾಯಿತೆಂದು ಅಂದುಕೊಳ್ಳುತ್ತೇನೆ. ಅಪೇಕ್ಷಾ ಏಳನೇ ಕ್ಲಾಸಿಗೆ ಹೋದಳಲ್ಲ. ನಾನು ಕನ್ನಡದಲ್ಲಿ ಬೈದರೆ ಅವಳು ಮರಾಠಿಯಲ್ಲಿ, "ಅಜ್ಜಾ, ತುಮ್ಹಿ ಚಿಡತಾ ಕಶಾಲಾ" ಎನ್ನುತ್ತಿದ್ದಳು. ಸಿಟ್ಟು ಯಾಕೆ ಬರುತ್ತದೆ ಎಂದು ಕೇಳಿದ್ದು ಮನೆಯಲ್ಲಿ ಅವಳೊಬ್ಬಳೇ. ಉಳಿದವರೆಲ್ಲ ಎದ್ದು ಬೇರೆ ಕೋಣೆಗೆ ಹೋಗುವವರು. ನನಗೆ ಸಕ್ಕರೆ ಕಾಯಿಲೆ ಇದ್ದ ಹಾಗೇ ಇದೆ, ಮೊಣಕಾಲೂ ಅಷ್ಟೇ. ನಿನ್ನ ಅಣ್ಣ ರಂಜನ್ ಬೆಳಿಗ್ಗೆ ಠಾಣೆ ಊರಿನ ನಮ್ಮ ಹೋಟೆಲಿಗೆ ಹೋಗುತ್ತಾನೆ, ಅತ್ತಿಗೆ ಅಪರ್ಣಾ ಕೆಲಸಕ್ಕೆ ಹೋಗುತ್ತಾಳೆ. ಆಮೇಲೆ ಸಂಜೆ ಏಳರವರೆಗೆ ಮನೆಯಲ್ಲಿ ನಾನು ಮತ್ತು ನಿನ್ನ ಅಮ್ಮನ ಫೋನು.

ಆ ಫೋನಿನ ವಿಷಯವೇ ಬರೆಯಬೇಕಾಗಿರುವುದು. ಸುತ್ತು ಬಳಸುವುದು ನನಗೆ ಬರುವುದಿಲ್ಲ.

ಫೆಬ್ರವರಿಯಲ್ಲಿ ಅವಳು ತೀರಿಹೋದ ಮೇಲೆ ಫೋನನ್ನು ಬಂದ್ ಮಾಡಲಿಲ್ಲ. ಗ್ಯಾಸ್ ಸಿಲಿಂಡರಿನ ಕೋಡು ಆ ನಂಬರಿಗೇ ಬರುತ್ತದೆ, ಇರಲಿ ಎಂದೆ. ಅದು ಅರ್ಧ ನಿಜ. ದಿನಾ ಬೆಳಿಗ್ಗೆ ಅದನ್ನು ಚಾರ್ಜಿಗೆ ಹಾಕುವುದು ನನಗೊಂದು ಕೆಲಸವಾಗಿತ್ತು. ಅಷ್ಟರಲ್ಲಿ ಚುನಾವಣೆ ಬಂತು. ನಮ್ಮ ಕುಟುಂಬದ ವಾಟ್ಸಾಪ್ ಗುಂಪು ನಿನಗೆ ಗೊತ್ತೇ ಉಂಟು, ಊರಿನಿಂದ ಠಾಣೆಯವರೆಗೆ ನಲವತ್ತೇಳು ಮಂದಿ. ಬೇರೆಯವರು ಹಬ್ಬದ ಫೋಟೋ ಹಾಕುವ ಜಾಗದಲ್ಲಿ ನಾನು ನನ್ನ ಪಕ್ಷದ್ದು ಹಾಕಿದೆ. ದಿನಕ್ಕೆ ಮೂವತ್ತು ಹಾಕಿದೆ, ಸುಳ್ಳು ಯಾಕೆ ಹೇಳಲಿ. ನಲವತ್ತೈದು ಮಂದಿ ಸುಮ್ಮನಿದ್ದರು. ಪ್ರತಿಯೊಂದರ ಕೆಳಗೂ ಉತ್ತರ ಬರೆದವಳು ನೀನು. ಇದು ಹಳೆಯ ಫೋಟೋ ಅಪ್ಪ, ಇದು ಸುಳ್ಳು ಅಪ್ಪ. ನಮ್ಮ ಪಕ್ಷದ ಸಭೆಗೆ ಬಂದ ಜನಸಾಗರ ಎಂದು ನಾನು ಹಾಕಿದ್ದಕ್ಕೆ ನೀನು, "ಅಪ್ಪ, ಇದು ಬೇರೆ ದೇಶದವರು ಫುಟ್‌ಬಾಲ್ ಗೆದ್ದ ಮೆರವಣಿಗೆ, ಬಾವುಟ ನೋಡಿ" ಎಂದು ಬರೆದೆ. ಅದರ ಕೆಳಗೆ ಊರಿನವರು ಹನ್ನೊಂದು ಮಂದಿ ನಗುವ ಮುಖ ಒತ್ತಿದರು. ನಾನು ಎಣಿಸಿದ್ದೇನೆ. ಎದುರು ಪಕ್ಷದವರ ಸಂಬಳ ತಿನ್ನುತ್ತೀಯಾ ಎಂದು ನಾನು ಬರೆದದ್ದು ಅದಕ್ಕೇ. ಓದಿದ ಮಗಳು ಶಾಲೆ ಬಿಟ್ಟ ಅಪ್ಪನನ್ನು ನಲವತ್ತೈದು ಮಂದಿಯ ಎದುರು ತಿದ್ದುತ್ತಿದ್ದಾಳೆ ಎಂಬುದೊಂದೇ ನನಗೆ ಕಂಡಿತು. ನಿನ್ನನ್ನು ಓದಿಸಿದವನು ನಾನೇ ಎಂಬುದು ಆಗ ನೆನಪಾಗಲಿಲ್ಲ.

ಏಪ್ರಿಲಿನಲ್ಲಿ ರಂಜನ್ ನನ್ನನ್ನು ಗುಂಪಿನಿಂದ ತೆಗೆದ. "ಅಪ್ಪ, ಎಲೆಕ್ಷನ್ ಮುಗಿಯುವವರೆಗೆ ಸ್ವಲ್ಪ ಆರಾಮ ಮಾಡಿ, ಊರಿನವರು ನನಗೆ ಫೋನ್ ಮಾಡುತ್ತಿದ್ದಾರೆ" ಎಂದ. ನಾನು ಕಟ್ಟಿದ ಹೋಟೆಲಿನ ಗಲ್ಲಾದಲ್ಲಿ ಕೂತು ನನ್ನನ್ನೇ ಹೊರಗೆ ಹಾಕಿದ. ಆ ಸಿಟ್ಟಿನಲ್ಲಿ ನಾನು ಚಂಪಾಳ ಫೋನು ಎತ್ತಿಕೊಂಡೆ. ಅವಳು ಇನ್ನೂ ಗುಂಪಿನಲ್ಲಿದ್ದಳು, ಅವಳನ್ನು ತೆಗೆಯಲು ಯಾರಿಗೂ ಕೈ ಬಂದಿರಲಿಲ್ಲ. ವಿಷಯ ಮುಖ್ಯ, ಯಾರ ಫೋನಿನಿಂದ ಹೋಯಿತು ಎಂದು ಯಾರು ನೋಡುತ್ತಾರೆ ಎಂದುಕೊಂಡೆ. ಎಲ್ಲರೂ ಅದನ್ನೇ ನೋಡಿದರು. ಹಸಿರು ಸೀರೆ ಉಟ್ಟು ಗಲ್ಲಾದ ಬಳಿ ನಿಂತು ನಗುವ ಅವಳ ಫೋಟೋ, ಅವಳ ಹೆಸರು, ಅದರ ಮುಂದೆ ನನ್ನ ಪಕ್ಷದ ಭಾಷಣ. ನಿನ್ನ ಸೋದರಮಾವ ವಸಂತಕುಮಾರ ಹೆದರಿ ದೇವರ ಮುಂದೆ ದೀಪ ಇಟ್ಟನಂತೆ. ರಂಜನ್ ಹೋಟೆಲಿನಲ್ಲಿ ಚಿಲ್ಲರೆ ಕೊಡುತ್ತಿದ್ದವನು ಫೋನು ನೋಡಿದಾಗ ಅಮ್ಮ ಆನ್‌ಲೈನ್ ಎಂದು ತೋರಿಸಿತಂತೆ. ಗಿರಾಕಿಯನ್ನು ಹಾಗೇ ಬಿಟ್ಟು ರಸ್ತೆಗೆ ಬಂದು ನಿಂತನಂತೆ. ಆಮೇಲೆ ಅರ್ಥವಾಗಿ ಆ ನಂಬರನ್ನೂ ತೆಗೆದ. ಫೋನಿನಲ್ಲಿ ಒಂದು ಸಾಲು ಬಂತು, ರಂಜನ್ ನಿಮ್ಮನ್ನು ತೆಗೆದುಹಾಕಿದ್ದಾರೆ ಎಂದು. ಹೆತ್ತ ಮಗನ ಕೈಯಿಂದ ಅವಳನ್ನು ಎರಡನೇ ಸಲ ಹೊರಗೆ ಕಳಿಸಿದೆನಲ್ಲ.

ಇಷ್ಟು ಎಲ್ಲರಿಗೂ ಗೊತ್ತು. ಇನ್ನು ಬರೆಯುವುದು ನಿನಗೂ ನನಗೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ನೀನು ಚುನಾವಣೆಯ ಜಗಳಕ್ಕೆ ಮನೆಗೆ ಬರುತ್ತಿಲ್ಲ ಎಂದು ರಂಜನ್ ತಿಳಿದಿದ್ದಾನೆ. "ಎಲೆಕ್ಷನ್ ಮುಗಿಯಿತಲ್ಲ, ಇವಳಿಗೆ ಇನ್ನೂ ಎಂತ ಉಂಟು" ಎಂದು ಕೇಳುತ್ತಾನೆ. ನಾನು ಟಿ.ವಿ. ಸದ್ದು ಹೆಚ್ಚಿಸುತ್ತೇನೆ.

ಗುಂಪು ಹೋದ ಮೇಲೆ ಆ ಫೋನಿನಲ್ಲಿ ಮೇಲೆ ಉಳಿದದ್ದು ನಿನ್ನ ಹೆಸರು. ಒತ್ತಿದೆ. ಅವಳು ಹೋದ ಮೇಲೆಯೂ ನೀನು ಅವಳಿಗೆ ಬರೆಯುತ್ತಿದ್ದೀ ಎಂದು ನನಗೆ ಹೇಗೆ ಗೊತ್ತಾಗಬೇಕು? ಅಮ್ಮ, ಇವತ್ತು ಸಂತೆಯಲ್ಲಿ ಹಲಸಿನ ಗುಜ್ಜೆ ಸಿಕ್ಕಿತು, ಒಬ್ಬಳಿಗೆ ಕತ್ತರಿಸಲಿಕ್ಕೆ ಆಗಲಿಲ್ಲ. ಅಮ್ಮ, ಅಪೇಕ್ಷಾ ನಿನ್ನ ಹಾಗೆಯೇ ಮಲಗುವಾಗ ಕೈ ತಲೆಯ ಕೆಳಗೆ ಇಡುತ್ತಾಳೆ. ಎರಡು ತಿಂಗಳಿನದು ಹೀಗೇ ಇತ್ತು. ನಾನು ಅಕ್ಷರ ಕೂಡಿಸಿ ಓದುವವನು, ಆದರೂ ಓದಿದೆ. ಕೊನೆಯದು ಹಿಂದಿನ ದಿನದ್ದು: "ಅಮ್ಮ, ಅಪ್ಪನಿಗೆ ಸ್ವಲ್ಪ ಹೇಳು. ನನ್ನ ಮಾತು ಅವರಿಗೆ ಹೋಗುವುದಿಲ್ಲ. ಮೊದಲಿನ ಹಾಗೆ ನೀನೇ ಮಧ್ಯೆ ನಿಂತು ಹೇಳು."

ಅದನ್ನು ಓದಿ ಅಳಬೇಕಾದವನಿಗೆ ಸಿಟ್ಟು ಬಂತು. ಸತ್ತವಳ ಹತ್ತಿರ ಹೋಗಿ ನನ್ನ ಮೇಲೆ ಚಾಡಿ ಹೇಳುತ್ತಾಳೆ ಎಂದೆನಿಸಿತು. ನನಗೆ ಟೈಪು ಬರುವುದಿಲ್ಲ, ಮೈಕ್ ಒತ್ತಿ ಬಾಯಲ್ಲಿ ಹೇಳಿದೆ, ಅದು ಬರೆದುಕೊಂಡಿತು. ನಿನ್ನ ಅಪ್ಪ ಹೇಳಿದ್ದೇ ಸರಿ, ದೇಶಕ್ಕೆ ದ್ರೋಹ ಮಾಡುವ ನಿನ್ನನ್ನು ಹೆತ್ತದ್ದೇ ನನ್ನ ತಪ್ಪು. ಒತ್ತಿ ಕಳಿಸಿದೆ. ಎರಡು ಗೆರೆ ಬಿತ್ತು, ಕೂಡಲೇ ನೀಲಿಯಾಯಿತು. ನೀನು ನೋಡುತ್ತಿದ್ದೆ. ನಿನ್ನ ಹೆಸರಿನ ಕೆಳಗೆ ಬರೆಯುತ್ತಿದ್ದಾರೆ ಎಂದು ಬರುವುದು, ಹೋಗುವುದು, ಬರುವುದು, ಹೋಗುವುದು. ಕೊನೆಗೆ ಒಂದೇ ಶಬ್ದ ಬಂತು: "ಅಪ್ಪನಾ?"

ಹೌದು ಎಂದು ಬರೆಯಲು ನಾಚಿಕೆ, ಅಲ್ಲ ಎಂದು ಬರೆಯಲು ಭಯ. ಫೋನನ್ನು ಔಷಧದ ಡಬ್ಬದ ಕೆಳಗೆ ಇಟ್ಟು ಹೊರಗೆ ಹೋದೆ. ಬಂದು ನೋಡಿದಾಗ ನಿನ್ನ ಫೋಟೋ ಮಾಯವಾಗಿತ್ತು. ನನ್ನನ್ನು ಬ್ಲಾಕ್ ಮಾಡಿದ್ದು ನ್ಯಾಯ. ನನ್ನಿಂದಾಗಿ ನೀನು ಅವಳನ್ನೂ ಬ್ಲಾಕ್ ಮಾಡಬೇಕಾಯಿತು.

ಆಮೇಲಿನ ಕತೆ ಕೇಳು. ಮೇ ತಿಂಗಳಲ್ಲಿ ಮತದಾರರ ಚೀಟಿ ಬಾಗಿಲ ಕೆಳಗಿನಿಂದ ಒಳಗೆ ಬಿತ್ತು. ನನ್ನದರ ಜೊತೆಗೆ ಅವಳದೂ ಇತ್ತು, ಪಟ್ಟಿಯಲ್ಲಿ ಹೆಸರು ಹಾಗೇ ಉಳಿದಿದೆ. ಎರಡನ್ನೂ ಜೇಬಿನಲ್ಲಿ ಇಟ್ಟುಕೊಂಡು ಬೂತಿಗೆ ಹೋದೆ, ಯಾಕೆಂದು ಕೇಳಬೇಡ. ಅಲ್ಲಿ ಮೇಜಿನ ಬಳಿ ಕೂತವನು ಪಟ್ಟಿ ನೋಡಿ, "ಅಣ್ಣಾ, ಆಜಿ ನಾಹಿ ಆಲ್ಯಾ?" ಎಂದ. ಅಜ್ಜಿ ಬರಲಿಲ್ಲವಾ ಎಂದು. ತೀರಿಕೊಂಡಳು ಎನ್ನಲು ಬಾಯಿ ತೆರೆದವನು, "ಘರೀ ಆಹೆ" ಎಂದೆ. ಮನೆಯಲ್ಲಿ ಇದ್ದಾಳೆ ಎಂದು. ಹೇಳಿದ ಮೇಲೆ ನನಗೆ ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ ಬಂದ ಫೋನು ಕಣ್ಣೆದುರು ಬಂತು. ಅಲ್ಲಿಂದ ಮನೆಗೆ ನಡೆದು ಬರುವಾಗ ನನಗೆ ಬೀಗ ತೆಗೆಯಲು ಹೆದರಿಕೆಯಾಯಿತು. ಹಾಡಹಗಲು ಹನ್ನೊಂದು ಗಂಟೆ, ಕೆಳಗೆ ರಿಕ್ಷಾಗಳ ಗಲಾಟೆ, ನನಗೆ ನನ್ನ ಮನೆಯ ಬಾಗಿಲಲ್ಲೇ ಹೆದರಿಕೆ. ಈಗಲೂ ಅದೇ. ಗ್ಯಾಸಿನ ಕೋಡು ಬಂದು ಅದು ಟಿಣ್ ಎಂದರೆ ನಾನು ಕೂತಲ್ಲಿಯೇ, "ಎಂತ ಚಂಪಾ" ಎನ್ನುತ್ತೇನೆ.

ಫಲಿತಾಂಶ ಬಂತು, ಗುಂಪಿನಲ್ಲಿ ಮತ್ತೆ ಮಾವಿನಹಣ್ಣು, ಹುಟ್ಟುಹಬ್ಬ. ನನ್ನನ್ನು ವಾಪಸು ಸೇರಿಸಿದರು. ಒಂದು ಮಧ್ಯಾಹ್ನ ಅವಳ ಫೋನು ತೆಗೆದು ನಿಮ್ಮಿಬ್ಬರ ಹಳೆಯ ಮಾತನ್ನು ಮೇಲೆ ಮೇಲೆ ಎಳೆದು ಓದಿದೆ. ಹಿಂದಿನ ಚುನಾವಣೆಯ ದಿನ ಅವಳು ನಿನಗೆ ಬರೆದದ್ದು ಸಿಕ್ಕಿತು. "ನಿನ್ನ ಅಪ್ಪ ಬೂತಿನ ಬಾಗಿಲವರೆಗೂ ಯಾವುದಕ್ಕೆ ಒತ್ತಬೇಕೆಂದು ಪಾಠ ಮಾಡುತ್ತಾರೆ. ನಾನು ಹೂಂ ಎನ್ನುತ್ತೇನೆ. ಮೂವತ್ತು ವರ್ಷದಿಂದ ಅವರು ಹೇಳಿದ್ದಕ್ಕೆ ಒಂದು ಸಲವೂ ಒತ್ತಿದ್ದಿಲ್ಲ. ಹೇಳಬೇಡ ಮಾರಾಯ್ತಿ, ಊಟ ಬಿಟ್ಟಾರು."

ಮೊದಲು ನಗು ಬಂತು. ಒಬ್ಬನೇ ಕೂತು ನಕ್ಕೆ. ನಾನು ಹೇಳಿ ಬರೆಸಿದ ಕಾಗದಗಳ ಗತಿಯೂ ಇದೇ ಎಂದು ಆಗ ಗೊತ್ತಾಯಿತು. ಆಮೇಲೆ ಮತ್ತೊಮ್ಮೆ ಓದಿದೆ. ಬದುಕಿರುವಾಗ ಒಂದು ದಿನವೂ ನನ್ನ ಮಾತಿಗೆ ಒತ್ತದವಳ ಬಾಯಲ್ಲಿ, ಅವಳು ಎದ್ದು ಅಲ್ಲವೆನ್ನಲು ಆಗದ ಹೊತ್ತಿನಲ್ಲಿ, ನನ್ನ ಮಾತು ತುರುಕಿದೆ. ಅದೂ ನಿನ್ನ ಮೇಲೆ. ನಿನ್ನನ್ನು ಹೆತ್ತದ್ದು ತಪ್ಪು ಎಂದು ಅವಳು ಹೇಳಿಲ್ಲ. ಹಾಗೆ ಹೇಳುವವಳೂ ಅಲ್ಲ. ಹೇಳಿದವನು ನಾನು. ನನ್ನ ಪಕ್ಷ ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆ ಜಗಳ ಬೇಕಾದರೆ ಇನ್ನೊಮ್ಮೆ ಮಾಡುವ. ಆದರೆ ನನ್ನ ಹೆಸರಿನಲ್ಲಿ, ನನ್ನ ಮುಖ ಇಟ್ಟುಕೊಂಡು.

ಈಗ ಆಟಿ ತಿಂಗಳು ಬಂತು. ಇದೇ 28ರ ಭಾನುವಾರ ತೀರಿಕೊಂಡವರಿಗೆ ಬಡಿಸುವುದೆಂದು ಇಟ್ಟಿದ್ದೇವೆ. ನಿನ್ನ ಅಮ್ಮ ಈ ಸಲ ಎಲೆಯ ಆ ಕಡೆ. ನಿನಗೆ ನೆನಪುಂಟಲ್ಲ, ಎಲೆ ಹಾಕಿ, ಬಡಿಸಿ, ಹೆಸರು ಹಿಡಿದು ಕರೆದು, ಅವರು ಉಣ್ಣಲೆಂದು ಬಾಗಿಲು ಹಾಕಿಕೊಂಡು ನಾವೆಲ್ಲ ಲಿಫ್ಟಿನ ಎದುರು ಬಾಯಿ ಮುಚ್ಚಿ ನಿಲ್ಲುವುದು, ಎದುರು ಮನೆಯ ಪ್ರಭಾಬಾಯಿ ವರ್ಷವೂ ಬಂದು ಚಾವಿ ಒಳಗೆ ಮರೆತಿರಾ ಎಂದು ಕೇಳುವುದು. ಒಂದು ವರ್ಷ ನಿಜವಾಗಿಯೂ ಚಾವಿ ಒಳಗೇ ಉಳಿದು, ಬಾಗಿಲು ತಾನಾಗಿ ಬಿಗಿದುಕೊಂಡು, ಬೀಗದವನು ಬರಲು ಮೂರು ಗಂಟೆ ಹಿಡಿಯಿತಲ್ಲ. ನಾನು ಊರೆಲ್ಲ ಕೇಳುವ ಹಾಗೆ ಬೈಯುತ್ತಿದ್ದೆ. ಚಂಪಾ ಮೆಟ್ಟಿಲ ಮೇಲೆ ಕೂತು, "ಬೈಯಬೇಡಿ, ಈ ಸಲ ಅವರು ನಿಧಾನದಲ್ಲಿ ಎರಡು ಸಲ ಬಡಿಸಿಕೊಂಡು ಉಣ್ಣಲಿ" ಎಂದಳು. ನೀನು ನಕ್ಕು ನಕ್ಕು ಗೋಡೆ ಹಿಡಿದದ್ದು ನನಗೆ ಕಾಣುತ್ತದೆ.

ಅಪರ್ಣಾ ಪತ್ರೊಡೆ ಮಾಡುತ್ತಾಳೆ. ಸ್ಟೇಷನ್ ಹತ್ತಿರದ ವಡಾಪಾವ್ ಒಂದು ನಾನು ತರುತ್ತೇನೆ, ಅವಳಿಗೆ ಅದೆಂದರೆ ಜೀವ. ಆಟಿಯ ಎಲೆಗೆ ವಡಾಪಾವ್ ಇಡುವುದುಂಟಾ ಎಂದು ರಂಜನ್ ಕೇಳುತ್ತಾನೆ. ನಾನು ಇಡುತ್ತೇನೆ.

ಹೋಟೆಲಿನಲ್ಲಿ ಹಿಟ್ಟು ರುಬ್ಬುತ್ತಿದ್ದ ಗುರುವಪ್ಪ ಈಗ ನಿಮ್ಮ ಕಳಂಬೋಲಿಯ ಕಬ್ಬಿಣದ ಬಜಾರಿನಲ್ಲೇ ಚಾ ಅಂಗಡಿ ಇಟ್ಟಿದ್ದಾನೆ. ಅವನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ರಿತೇಶನಿಗೆ ಕೇಳಿದೆನೆಂದು ಹೇಳು. ಅಪೇಕ್ಷಾಳಿಗೆ ಅಜ್ಜ ಈಗ ಅಷ್ಟು ಸಿಟ್ಟು ಮಾಡುವುದಿಲ್ಲ ಎಂದು ಹೇಳು, ಅವಳು ನಂಬದಿದ್ದರೆ ಒತ್ತಾಯಿಸಬೇಡ. ದೈವ ದೇವರು ನಿಮ್ಮ ಮೂವರ ತಲೆ ಕಾಯಲಿ.

ನಿನ್ನ ಅಪ್ಪ,
ಸರ್ವೋತ್ತಮ

ಮಡಿಚಿದ ಕಾಗದ ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ, ಗುರುವಪ್ಪ ಬಾಗಿಲಲ್ಲಿ ನಿಂತಿದ್ದಾನೆ. ಎಲೆಯ ಮುಂದೆ ಅವಳ ಹೆಸರು ಹಿಡಿದು ಕರೆಯಬೇಕಾದವನು ನಾನು. ಮೊನ್ನೆ ಒಬ್ಬನೇ ಅಡುಗೆಮನೆಯಲ್ಲಿ ನಿಂತು ಕರೆದು ನೋಡಿದೆ. ಸ್ವರ ಹೊರಡಲಿಲ್ಲ. ಅವಳ ಹೆಸರಿನಲ್ಲಿ ಸುಳ್ಳು ಹೇಳಿದ ಬಾಯಿಂದ ಅವಳನ್ನು ಊಟಕ್ಕೆ ಕರೆದರೆ ಅವಳು ಬರುವಳಾ? ನೀನು ಬಂದು ಕರೆ. ನನ್ನ ಜೊತೆ ಮಾತಾಡಬೇಕೆಂದಿಲ್ಲ, ಕರೆದು ಹೋಗು. ಬರಲು ಆಗುವುದಿಲ್ಲವೆಂದಾದರೆ ನನ್ನ ನಂಬರು ಬ್ಲಾಕ್ ಆಗಿಯೇ ಇರಲಿ, ಅವಳದ್ದೊಂದರ ಬ್ಲಾಕ್ ತೆಗೆ. ಮಧ್ಯಾಹ್ನ ಹನ್ನೆರಡೂವರೆಗೆ ಬಾಗಿಲು ಹಾಕುತ್ತೇವೆ. ಫೋನು ಎಲೆಯ ಪಕ್ಕದಲ್ಲಿ ಇಟ್ಟಿರುತ್ತೇನೆ. ಆ ಹೊತ್ತಿಗೆ ಅಮ್ಮ ಬಾ ಎಂದು ಅವಳಿಗೆ ಬರೆ. ನಾನು ಹೊರಗೆ ಲಿಫ್ಟಿನ ಬಳಿ ನಿಂತಿರುತ್ತೇನೆ. ಅದನ್ನು ತೆರೆಯುವುದಿಲ್ಲ, ಓದುವುದಿಲ್ಲ. ತಿಂಗಳ ಕೊನೆಗೆ ರಂಜನ್ ಆ ನಂಬರು ಬಂದ್ ಮಾಡಿಸುತ್ತಾನೆ, ಆಮೇಲೆ ಆಗುವುದಿಲ್ಲ. ನೀನು ಬರುತ್ತೀಯಾ, ಬರೆಯುತ್ತೀಯಾ, ಎರಡೂ ಇಲ್ಲವಾ, ಯಾವುದಾದರೂ ಒಂದು ಗುರುವಪ್ಪನ ಕೈಯಲ್ಲಿ ಹೇಳಿ ಕಳಿಸು. 25ನೇ ತಾರೀಕು ಗುರುವಾರದೊಳಗೆ ನನಗೆ ಉತ್ತರ ಬರಬೇಕು.