ಆಕ್ಷೇಪಣೆಗೆ ಎದ್ದು ನಿಂತವನು

ಭಾನುವಾರ, ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ಚುಕ್ಕಿ,

ನೀನು ನಿನ್ನ ಅಕ್ಕನ ಮನೆಗೆ ಹೋಗಿ ಎಂಟು ವರ್ಷವಾಯಿತು. ಈ ಹೆಸರಿನಿಂದ ಕರೆಯುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ ತಿಳಿಯದು. ಇಲ್ಲವಾದರೆ ಕ್ಷಮಿಸಿ ಮುಂದಕ್ಕೆ ಓದು.

ಇವತ್ತು ಚರ್ಚಿನ ಸಭೆಯಲ್ಲಿ ಒಂದು ಎಡವಟ್ಟಾಯಿತು. ಹೇಳಿಕೊಂಡು ನಗಲು ಇಡೀ ಊರಿನಲ್ಲಿ ನನಗೆ ಒಬ್ಬರೂ ಇಲ್ಲ. ಅದಕ್ಕೇ ನಿನಗೆ ಬರೆಯುತ್ತಿದ್ದೇನೆ.

ದೊಡ್ಡಾಸ್ಪತ್ರೆಯ ಹಿಂಭಾಗದ ವಾರ್ಡು ನಿನಗೆ ನೆನಪಿರಬೇಕು. ನೋಡಲು ಯಾರೂ ಬಾರದ ಗಂಡಸರನ್ನು ಮಲಗಿಸುವ ಜಾಗ, ಹದಿನೆಂಟು ಮಂಚ. ಅಲ್ಲಿಗೆ ದಿನವೂ ಹೋಗಿ ಗಡ್ಡ ಹೆರೆದು, ಉಗುರು ಕತ್ತರಿಸಿ, ಕೇಳಿದವರ ಪಕ್ಕದಲ್ಲಿ ಕೂತು ಪ್ರಾರ್ಥಿಸುತ್ತಿದ್ದ ನಮ್ಮ ಸಭೆಯ ಬಡಗಿ ತೀರಿಕೊಂಡು ಹನ್ನೊಂದು ತಿಂಗಳಾಯಿತು. ಆಮೇಲೆ ಒಬ್ಬರೂ ಆ ಕಡೆ ತಲೆ ಹಾಕಿಲ್ಲ. ಇವತ್ತು ಸಭಾಪಾಲಕರು ಪ್ರಸಂಗ ಮುಗಿಸಿ, ಆ ಕೆಲಸಕ್ಕೆ ದೇವರು ನಮ್ಮಲ್ಲಿ ಯಾರನ್ನೋ ಕರೆಯುತ್ತಿದ್ದಾನೆ, ಮನಸ್ಸಿರುವವರು ಎದ್ದು ನಿಲ್ಲಿ ಅಂದರು. ಹೊಸ ಮೈಕಿನಲ್ಲಿ ಅಂದರು. ಅದನ್ನು ಕಂಡು ನನಗೆ ಮೈ ಉರಿಯಿತು. ನಿನಗೆ ಗೊತ್ತಲ್ಲ, ನಾನು ಮರೆಯುವ ಪೈಕಿ ಅಲ್ಲ. ಮೂವತ್ತೊಂದು ವರ್ಷದಲ್ಲಿ ಚರ್ಚಿನ ಗೋಡೆಗಳಿಗೆ ಏಳು ಸಲ ಬಣ್ಣ ಬಳಿದಿದ್ದಾರೆ, ಬೆಂಚುಗಳನ್ನು ಎರಡು ಸಲ ಬದಲಾಯಿಸಿದ್ದಾರೆ. ವಾರ್ಡಿಗೆ ಹೋದವನು ಬಡಗಿಯೊಬ್ಬನೇ. ಇದನ್ನು ಮುಖಕ್ಕೆ ಹೊಡೆದಂತೆ ಹೇಳಬೇಕೆಂದು ಎದ್ದೆ. ಆಕ್ಷೇಪಣೆ ಎತ್ತಲು ಎದ್ದೆ, ಚುಕ್ಕಿ, ಮತ್ತೇನಕ್ಕೂ ಅಲ್ಲ.

ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಸಭಾಪಾಲಕರು "ದೇವರಿಗೆ ಸ್ತೋತ್ರ!" ಅಂದುಬಿಟ್ಟರು. ಹಿಂದಿನ ಬೆಂಚಿನಲ್ಲಿದ್ದ ದರ್ಜಿ, "ಅಯ್ಯೋ, ನಮ್ಮ ಅರ್ಜಿಯಣ್ಣ ಕಣ್ರೀ!" ಅಂದದ್ದು ಕಿವಿಗೆ ಬಿತ್ತು. "ನೋಡ್ತಿರಿ, ಮಲಗಿರೋರ ಕೈಲೂ ಅರ್ಜಿ ಬರೆಸ್ತಾನೆ," ಅಂದ ಅವನ ಪಕ್ಕದವನು. ಅಷ್ಟರಲ್ಲಿ ಹಾಡು ಶುರುವಾಯಿತು. ಎಲ್ಲರೂ ಕೂತೇ ಹಾಡಿದರು, ನಾಲ್ಕು ಚರಣ. ಅಷ್ಟು ಹೊತ್ತೂ ನಾನೊಬ್ಬನೇ ನಿಂತಿದ್ದೆ. ನನ್ನ ಪಕ್ಕ ನೀನು ಕೂರುತ್ತಿದ್ದ ಜಾಗದಲ್ಲಿ ಈಗಲೂ ಯಾರೂ ಕೂರುವುದಿಲ್ಲ. ನನ್ನ ವಾದಕ್ಕೆ ಹೆದರಿ ಇರಬೇಕು.

ಹಾಡು ಮುಗಿದ ಮೇಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಹೊರಗೆ ಸಭಾಪಾಲಕರು ಕೈ ಹಿಡಿದುಕೊಂಡು, "ನಾಳೆ ಹತ್ತು ಗಂಟೆಗೆ ಹೋಗ್ತೀರಲ್ಲ? ನರ್ಸಮ್ಮನಿಗೆ ನಿಮ್ಮ ಹೆಸರು ಕೊಟ್ಟಿರ್ತೀನಿ," ಅಂದರು. "ಸಂಜೆ ಬಂದು ಹೇಳ್ತೀನಿ, ಅಯ್ಯನವರೇ," ಎಂದು ತಪ್ಪಿಸಿಕೊಂಡು ಬಂದೆ.

ಈಗ ಮೇಜಿನ ಮುಂದೆ ಕೂತಿದ್ದೇನೆ. ನೆಪಕ್ಕೇನು ಬರವೇ? ಬೆನ್ನುನೋವಿದೆ. ಮುದ್ರಣಾಲಯದವರು ತಿದ್ದಲು ಕಳಿಸಿದ ಕರಡು ಪುಟಗಳಿವೆ. ಒಡೆದ ನೀರಿನ ಕೊಳವೆಯ ಬಗ್ಗೆ ನಗರಸಭೆಗೆ ಬರೆಯಬೇಕಾದ ಒಂಬತ್ತನೆಯ ಪತ್ರವಿದೆ. ಒಂದೊಂದನ್ನೂ ಗಟ್ಟಿಯಾಗಿ ಹೇಳಿ ನೋಡಿದೆ. ಈ ಕೋಣೆಯಲ್ಲಿ ಹೂಂ ಅನ್ನುವವರೂ ಇಲ್ಲ, ಊಹೂಂ ಅನ್ನುವವರೂ ಇಲ್ಲ. ಹಿಂದೆ ಇವೆಲ್ಲಕ್ಕಿಂತ ಗಟ್ಟಿಯಾದ ನೆಪವೊಂದಿತ್ತು. ಅದು ನೀನು.

ಮೂವತ್ತೊಂದು ವರ್ಷದ ಹಿಂದೆ, ನಮ್ಮ ಮದುವೆಯಾದ ಮರುವರ್ಷ, ಆಗಿನ ಸಭಾಪಾಲಕರು ನನ್ನನ್ನು ಗುಡ್ಡದಾಚೆಯ ಊರುಗಳಿಗೆ, ಮನೆಮನೆಗೆ ದೇವರ ವಾಕ್ಯ ಸಾರುವ ಸುವಾರ್ತಿಕನಾಗಿ ಹೋಗುತ್ತೀಯಾ ಎಂದು ಕೇಳಿದ್ದರು. ನೀನು ಎರಡೇ ದಿನದಲ್ಲಿ ಪೆಟ್ಟಿಗೆ ತುಂಬಿ, ಪಾತ್ರೆಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿಟ್ಟೆ. ನಾನು ಹೆದರಿದ್ದೆ. ಗುರುತಿಲ್ಲದವರ ಬಾಗಿಲು ತಟ್ಟುವುದಕ್ಕೆ, ಅವರು ಮುಖದ ಮೇಲೇ ಕದ ಹಾಕಿಕೊಳ್ಳುವುದಕ್ಕೆ. ಸಭೆಯವರು ಬೇರೆಯವರನ್ನು ಆರಿಸಿದರು ಎಂದು ನಿನಗೆ ಹೇಳಿದೆ. ನನ್ನ ಹೆಂಡತಿ ಒಪ್ಪುತ್ತಿಲ್ಲ ಎಂದು ಸಭೆಗೆ ಹೇಳಿದೆ. ಸಭೆಯ ಹೆಂಗಸರು ಇಪ್ಪತ್ತಮೂರು ವರ್ಷ ನಿನ್ನನ್ನು ಯಾಕೆ ದೂರವಿಟ್ಟರೆಂದು ನಿನಗೆ ತಿಳಿದದ್ದು ಬಡಗಿಯ ಹೆಂಡತಿಯಿಂದ. ಅವತ್ತು ನೀನು ಕೇಳಿದ್ದು ಒಂದೇ ಮಾತು, ನಿಜವಾ ಎಂದು. ಆ ಹೆಂಗಸು ಸುಳ್ಳಿ ಎಂದು ಕಿರುಚಾಡಿದೆ. ನೀನು ಅಂದೇ ಹೊರಟುಹೋದೆ.

ನಿಜ, ಚುಕ್ಕಿ. ಆಕೆ ಹೇಳಿದ್ದೆಲ್ಲ ನಿಜ. ಊರಿನವರ ಸುಳ್ಳುಗಳ ಮೇಲೆಲ್ಲ ಅರ್ಜಿ ಬರೆದ ನಾನು ಇದೊಂದನ್ನು ಬರೆಯದೆ ಉಳಿಸಿಕೊಂಡಿದ್ದೆ.

ದೇವರು ನನ್ನನ್ನು ನಿಜಕ್ಕೂ ಕರೆದನೋ, ಸಿಟ್ಟಿನಲ್ಲಿ ಎದ್ದವನನ್ನು ಹಾಗೇ ಹಿಡಿದುಕೊಂಡನೋ ಗೊತ್ತಾಗುತ್ತಿಲ್ಲ. ನಿನ್ನನ್ನು ವಾಪಸ್ ಬಾ ಎಂದು ಕೇಳಲು ಇದನ್ನು ಬರೆದಿಲ್ಲ. ಸಂಜೆಯಾಗುತ್ತಾ ಬಂತು, ಸಭಾಪಾಲಕರ ಮನೆಗೆ ಹೊರಟಿದ್ದೇನೆ. ಅಲ್ಲಿ ಏನು ಹೇಳುತ್ತೇನೋ ನನಗೇ ತಿಳಿಯದು.

ನಿನ್ನ ಹಿಂದೆ ಅಡಗಿದ್ದವನು,
ನಿನ್ನ ಗಂಡ

ತಾ.ಕ.: ಹೋಗಿ ಬಂದೆ. ನಿಂತೇ ಹೇಳಿದೆ. ಬೆಳಿಗ್ಗೆ ನಾನು ಎದ್ದದ್ದು ಜಗಳಕ್ಕೆ ಎಂದೆ. ಅಂದು ಗುಡ್ಡದಾಚೆ ಹೋಗದಂತೆ ನನ್ನನ್ನು ತಡೆದದ್ದು ನೀನಲ್ಲ, ಅದನ್ನು ಮುಂದಿನ ಭಾನುವಾರ ಎಲ್ಲರೆದುರು ನಾನೇ ಹೇಳುತ್ತೇನೆ ಎಂದೆ. ಅವರು, "ಹಾಗಾದ್ರೆ ನಾಳೆಗೆ ನಿಮ್ಮ ಹೆಸರು ತೆಗೆದುಬಿಡ್ಲಾ?" ಎಂದು ಕೇಳಿದರು. ಬೇಡ, ಇರಲಿ ಅಂದೆ.