ಗುರುಗಳು ತೆಗೆಯದ ಮಂಗಳಪಟ್ಟಿ

ಅಯುತ್ಥಯ
ಮಾರ್ಚ್ ೨೨

ಪ್ರೀತಿಯ ತಂಗಿ ಪಿಸಮಾಯ್‌ಗೆ,

ಲಮ್‌ದುವಾನ್ ಅಕ್ಕನ ನೆನಪುಗಳು. ಹೊಸ ವರ್ಷಕ್ಕೆ ನೀನು ಬರೆದ ಕಾಗದಕ್ಕೆ ಈಗ ಉತ್ತರ, ಬೈಯಬೇಡ. ಅಂಗಡಿಯಲ್ಲಿ ರೊಟ್ಟಿ ಸುಟ್ಟು, ಅದರಲ್ಲಿ ಸುತ್ತುವ ಸಕ್ಕರೆಯ ಎಳೆ ಎಳೆದು ಕೂರುವಷ್ಟರಲ್ಲಿ ಕಣ್ಣು ತಾನಾಗಿ ಮುಚ್ಚಿಹೋಗುತ್ತದೆ.

ಈ ವಾರ ನಮ್ಮ ಮುಷ್ಟಿಕಾಳಗದ ಹಬ್ಬ, ಮುವಾಯ್ ಥಾಯ್ ದಿನ. ನಿಮ್ಮಪ್ಪ ನನಗೂ ಕಾಳಗ ಕಲಿಸಿದ ಗುರುಗಳಲ್ಲವೇ, ನಾನೇ ಕರೆದುಕೊಂಡು ಹೋದೆ. ಗುರುಗಳಿಗೆ ಈಗ ಬೆಳಿಗ್ಗೆ ಗಂಜಿ ಕುಡಿದದ್ದೂ ನೆನಪಿರುವುದಿಲ್ಲ. ಆದರೆ ಹಳೆಯ ಸ್ತೂಪದ ಮುಂದೆ ಓಲಗ ಶುರುವಾದದ್ದೇ ತಡ, ಬೆನ್ನು ನೆಟ್ಟಗಾಯಿತು. ಮಂತ್ರ ಹೇಳಿ ನನ್ನ ತಲೆಗೆ ಮಂಗಳಪಟ್ಟಿ ಇಟ್ಟರು. ನಾನು ಗುರುವಂದನೆಯ ಕುಣಿತ ಕುಣಿದೆ. ಬಿಸಿಲು, ಧೂಪದ ಹೊಗೆ. ಎಲ್ಲೋ ನೀರಿನೊಳಗೆ ಕುಣಿಯುತ್ತಿದ್ದೇನೆ ಅನ್ನಿಸಿತು. ಮಂಡಿನೋವೂ ಮರೆತುಹೋಯಿತು.

ಕುಣಿತ ಮುಗಿದ ಮೇಲೆ ಪಟ್ಟಿಯನ್ನು ಇಟ್ಟ ಗುರುವೇ ತೆಗೆಯಬೇಕಲ್ಲ. ಉಳಿದವರೆಲ್ಲ ತಮ್ಮ ಶಿಷ್ಯರದು ತೆಗೆದರು. ಇವರು ಮಾತ್ರ ಎರಡೂ ಕೈಯಲ್ಲಿ ನನ್ನ ತಲೆ ಹಿಡಿದು "ತೆಗೆಯಲ್ಲ" ಅಂದರು.

ಅಂದಿನಿಂದ ಅದು ನನ್ನ ತಲೆಯ ಮೇಲೇ ಇದೆ. ನಾನಾಗಿ ತೆಗೆಯುವಂತಿಲ್ಲ, ನೆಲಕ್ಕೆ ಬೀಳಿಸುವಂತಿಲ್ಲ. ಗೋಡೆಗೆ ಒರಗಿ ಕೂತೇ ನಿದ್ದೆ. ಪಕ್ಕದ ಮೀನಿನಂಗಡಿಯ ಸೊಂಜಿನ್ ಸುಮ್ಮನಿರುತ್ತಾಳೆಯೇ?

"ಏನೇ, ಈ ವಯಸ್ಸಲ್ಲಿ ಮದುವಣಗಿತ್ತಿ ಆಗ್ಬಿಟ್ಟೆ. ಗಂಡು ಎಲ್ಲಿ ಓಡ್ಹೋದ?"

"ನಿನ್ನ ಬಾಯಿಗೆ ಹೆದರಿ ಹೊಳೆ ಹಾರ್ದ" ಅಂದೆ.

ದಿನಾ ಸಂಜೆ ಗುರುಗಳ ಮುಂದೆ ತಲೆ ಬಗ್ಗಿಸುತ್ತೇನೆ. ಅವರು ಪಟ್ಟಿಯನ್ನು ಸರಿಮಾಡಿ, "ಊಟ ಆಯ್ತಾ ಮಗಳೇ?" ಎನ್ನುತ್ತಾರೆ, ಅಷ್ಟೆ. ನೀನು ಬಂದು ಹೇಳಿದರೆ ತೆಗೆದಾರು. ಬರುವ ತಿಂಗಳ ಸೊಂಗ್‌ಕ್ರಾನ್ ಹಬ್ಬಕ್ಕೆ ಬಂದು ಅಪ್ಪನ ಕೈಗೆ ನೀರು ಹೊಯ್ದು ಆಶೀರ್ವಾದ ಪಡೆದು ಹೋಗು.

ಮಾಡಿದ ಪುಣ್ಯವೆಲ್ಲ ನಿನ್ನನ್ನೂ ಮಕ್ಕಳನ್ನೂ ಕಾಯಲಿ, ನಿಮ್ಮ ಮನೆ ತಣ್ಣಗಿರಲಿ.

ನಿನ್ನ ಅಕ್ಕ,
ಲಮ್‌ದುವಾನ್

ತಾ.ಕ.: ಇದನ್ನು ಬರೆಯದೆ ಲಕೋಟೆ ಅಂಟಿಸಲಾರೆ. ಅವತ್ತು ಅವರು ನನ್ನ ಕಿವಿಯ ಹತ್ತಿರ ಬಂದು ಹೇಳಿದ್ದು ಇಷ್ಟು: "ಹೋದ ಸಲ ಪಟ್ಟಿ ತೆಗೆದು ಕಣಕ್ಕೆ ಬಿಟ್ಟೆ, ಪಿಸಮಾಯ್. ಸೋತೆ ಅಂತ ನಾನು ನಿನ್ನ ಬೈದೆ. ನೀನು ಕಣದಿಂದ ಇಳಿದೋಳು ಹಂಗೇ ಬಸ್ ಹತ್ತಿ ಹೊರಟುಹೋದೆ. ಈ ಸಲ ತೆಗೆಯಲ್ಲ." ನಾನು "ಹೋಗಲ್ಲ ಅಪ್ಪಾ" ಅಂದುಬಿಟ್ಟೆ. ತಂದೆಯ ಮುಖ ಕಾಣದವಳು ನಾನು. ಆ ಮಾತು ನನ್ನ ಬಾಯಲ್ಲಿ ಬಂದದ್ದು ಅದೇ ಮೊದಲು. ನೀನು ಬಂದ ದಿನ ಪಟ್ಟಿ ಇಳಿಯುತ್ತದೆ, ಆಮೇಲೆ ನಾನು ಅವರಿಗೆ ಯಾರೂ ಅಲ್ಲ. ಆದರೂ ಬಾ.